ಏಳನೇ ಕ್ಲಾಸಿನ ಫೋಟೋದಲ್ಲಿ ಅಂವ ಇಲ್ಲ

ಮಾವಿನಕುರ್ವೆ ಶಾಲೆಲಿ ನಮ್ಮ ಏಳನೇ ಕ್ಲಾಸಂದ್ರೆ ಎಂಟೇ ಜನ. ಫೋಟೋದಲ್ಲಿ ಏಳು. ಎಂಟನೆಯವ ಎಲ್ಲಿ ಅಂದ್ರೆ, ಫೋಟೋ ತೆಗೆದವನೇ ಅಂವ.

ಕಡೇ ದಿನ ಸರ್ ಮೊಬೈಲ್ ಹೊರಗೆ ತೆಗೆದದ್ದೇ ತಡ, "ನಾ ಒತ್ತುದು ಸರ್, ನಾ ಒತ್ತುದು" ಹೇಳಿ ಹಾರಿ ಹಾರಿ ಇಸ್ಕಂಡ.

"ಏ, ಬಂಗ್ಡೆ ಮೀನು ಹಿಡ್ದ ಕೈ ತೊಳ್ಕಂಡ್ಯೇನೋ?" ನಾವು ಕಾಡ್ಸಿದ್ವಿ.

"ನಿಮ್ಮ ಮೋರೆಗೆ ಇದೇ ಕೈ ಸಾಕು. ಹಲ್ಲು ಬಿಡ್ರೋ!"

ಬಿಟ್ವಿ. ಎಲ್ಲರೂ ನಗ್ತಾ ಇರೋ ಫೋಟೋ ಅದು. ಅಷ್ಟರಲ್ಲಿ ಊಟದ ಗಂಟೆ ಆತು, ತಟ್ಟೆ ಹಿಡ್ಕಂಡು ಎಲ್ಲಾ ಓಡಿದ್ವಿ, ಅವನೂ ಓಡ್ದ.

ಆ ರಜೆಲೇ ಅಂವ ಅಪ್ಪನ ಸಂಗ್ತಿ ಮೀನಿಗೆ ಹೋದಾಗ, ಹೊಳೆ ಸಮುದ್ರ ಸೇರೋ ಅಳಿವೆಲಿ ದೋಣಿ ಮಗುಚ್ತು. ಅಪ್ಪ ಈಜಿ ಬಂದ. ಇಂವ ಬರ್ಲಿಲ್ಲ.

ಅದಾಗಿ ಹತ್ತು ವರ್ಷ ಆತು. ನಂಗೆ ಈಗ ಫೋಟೋ ಹುಚ್ಚು. ಯೂಟ್ಯೂಬ್ ನೋಡಿ ನೋಡಿ ಕಲ್ತದ್ದು. ಊರವ್ರ ಹರಿದ ಫೋಟೋ ಎಲ್ಲಾ ಮೊಬೈಲಲ್ಲೇ ಸರಿ ಮಾಡಿಕೊಡ್ತೆ. ಅದು ಕೇಳಿ ಅವನ ಅಮ್ಮ ಹೋದ ತಿಂಗಳು ನಮ್ಮ ಜಗಲಿಲಿ ಮೀನು ಬುಟ್ಟಿ ಇಳ್ಸಿ ಕೂತ್ರು. "ಮಗಾ, ಗೋಡೆಗೆ ಹಾಕುಕೆ ಅವಂದೊಂದು ಫೋಟೋ ಮಾಡ್ಕೊಡಾ. ನಂಗೆ ಅವನ ಮೋರೆ ಮರ್ತು ಹೋಗ್ತಾ ಇದೆ."

ಅವ್ರ ಹತ್ರ ಇದ್ದದ್ದು ಆಧಾರ್ ಕಾರ್ಡ್ ಒಂದೇ. ಅದ್ರಲ್ಲಿ ಮಸಿ ಮೆತ್ತಿದ ಹಾಗೆ ಒಂದು ತಲೆ, ಅಷ್ಟೆ. ಹಳೇ ಕ್ಲಾಸಿನವ್ರಿಗೆಲ್ಲಾ ಫೋನ್ ಮಾಡ್ದೆ. ಹೊನ್ನಾವರದಲ್ಲಿ ಟೆಂಪೋ ಹೊಡಿಯುವವ "ಯಾರು ಮಾರಾಯಾ, ಆ ಉದ್ದದವನಾ?" ಕೇಳ್ದ. ಅಂವ ನಮ್ಮೆಲ್ಲರಿಗಿಂತ ಗಿಡ್ಡ! ಮದುವೆಯಾಗಿ ಕುಮಟೆಗೆ ಹೋದವಳು ಅದೇ ಏಳು ಜನರ ಫೋಟೋ ತಿರುಗಿ ನಂಗೇ ಕಳ್ಸಿ, ಕೆಳಗೆ ಅಳೋ ಇಮೋಜಿ ಹಾಕಿದ್ಲು.

ಕಡೆಗೆ ಆಧಾರ್ ಫೋಟೋನೇ ಒಂದು ಎಐ ಆಪಿಗೆ ಹಾಕ್ದೆ. ಎಂತಾ ಕ್ಲಿಯರ್ ಬಂತು ಗೊತ್ತಾ! ಕಣ್ಣು ಹೊಳಿತಾ ಇತ್ತು. ಖುಷಿ ತಡಿಲಿಕ್ಕಾಗ್ದೆ ಫ್ರೇಮ್ ಹಾಕ್ಸಿ ಅವ್ರ ಮನೆಗೆ ಓಡ್ದೆ.

ಅಮ್ಮ ಸೆರಗಲ್ಲಿ ಗಾಜು ಒರೆಸಿ, ಬಾಗಿಲ ಬೆಳಕಿಗೆ ಹಿಡ್ದು ಸುಮಾರು ಹೊತ್ತು ನೋಡಿದ್ರು.

"ಚಂದ ಇದ್ದಾನೆ. ಯಾರ ಮನೆ ಹುಡ್ಗ ಮಗಾ ಇದು?"

"ತಪ್ಪಿ ಬೇರೆಯವ್ರದ್ದು ತಂದ್ಬಿಟ್ಟೆ ಅಮ್ಮಾ" ಅಂದೆ. ವಾಪಸ್ ತಂದೆ. ಮೊಬೈಲಿಂದ ಡಿಲೀಟೂ ಮಾಡಿ ಆತು.

ಆದ್ರೆ ಈಗ ಅವನನ್ನ ನೆನೆಸ್ಕಳ್ಳುಕೆ ಕಣ್ಣು ಮುಚ್ಚಿದ್ರೆ, ಆ ಆಪಿನ ಹುಡ್ಗನೇ ಬಂದು ನಿಲ್ತಾನೆ.