ಒಂದು ಧಕ್ಕೆ, ಎರಡು ಕುತ್ತಿಗೆ

ಹಾಲು ಕಾಸಿದೆ. ಸೊಸೈಟಿಯ ನೀರು ನಿಲ್ಲುವುದರೊಳಗೆ ಡ್ರಮ್ಮು ತುಂಬಿಸಿಕೊಂಡೆ. ಮೆಂತ್ಯದ ಸೊಪ್ಪು ಬಿಡಿಸಿದೆ, ಕಿಟಕಿಯ ಗ್ರಿಲ್ಲಿಗೆ ಬಟ್ಟೆ ಒಣಹಾಕಿದೆ, ಭಾನುವಾರವಲ್ಲವೇ ಎಂದು ಕಪಾಟು ಕೆದರಿದೆ. ತಳದಲ್ಲಿದ್ದ ಮಫ್ಲರ್ ಝಾಡಿಸಿದ್ದೇ ತಡ, ನೋವಿನ ಮುಲಾಮಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ನಾವಿರುವ ಠಾಕುರ್ಲಿಯ ಸೆಕೆಯಲ್ಲಿ ಮಫ್ಲರ್ ಯಾಕೆ ಎಂದು ನೀವು ಕೇಳುವುದು ನ್ಯಾಯವೇ. ಹೇಳುತ್ತೇನೆ.

ಹೋದ ವರ್ಷ ನಾನೂ ನಮ್ಮ ಯಜಮಾನರೂ ವಿಠ್ಠಲವಾಡಿಯಲ್ಲಿ ಗೃಹಪ್ರವೇಶದ ಊಟ ಮುಗಿಸಿ ರಿಕ್ಷಾದಲ್ಲಿ ಬರುತ್ತಿದ್ದೆವು. ಹಿಂದಿನಿಂದ ಒಂದು ಟೆಂಪೊ ಗುದ್ದಿತು. ನನ್ನ ತೊಡೆಯ ಮೇಲಿದ್ದ ಡಬ್ಬಿಯಲ್ಲಿ ಒಂದು ಲಾಡೂ ಒಡೆಯಲಿಲ್ಲ. ಆದರೆ ನಮ್ಮಿಬ್ಬರ ಕುತ್ತಿಗೆಯೂ ಬಾರುಕೋಲಿನ ಹಾಗೆ ಹಿಂದಕ್ಕೆ ಹೋಗಿ ಮುಂದಕ್ಕೆ ಬಂತು. ಇವರದು ಈಗ ನೆಟ್ಟಗಾಗಿದೆ. ನನ್ನದು ಆಗಿಲ್ಲ. ಪೂರ್ತಿ ವಾಸಿಯಾದೀತೋ, ಹೀಗೇ ಉಳಿದುಬಿಟ್ಟೀತೋ, ನನಗೀಗ ತಿಳಿಯಬೇಕಾದದ್ದು ಅದೊಂದೇ.

ಆಗ ಮಾತ್ರ ಮನೆಯಲ್ಲಿದ್ದದ್ದು ಒಂದೇ ಕುತ್ತಿಗೆ, ಇವರದು. ಕೊರಳಪಟ್ಟಿ ಬಂತು. ಯಾರಾದರೂ ಕರೆದರೆ ಉತ್ಸವಮೂರ್ತಿಯನ್ನು ತಿರುಗಿಸಿದ ಹಾಗೆ ಸೋಫಾದ ಮೇಲೆ ಇಡಿಯಾಗಿ ತಿರುಗುವರು.

“ನಂದು ಮುಗೀತು ನೋಡು. ಇನ್ನ ಈ ಗೋಣು ನೆಟ್ಟಗಾಗೂದಿಲ್ಲ.”

“ಮೊದಲ ಚಾ ತಗೋರಿ, ಆರತದ.”

“ನನ್ನ ಗೋಣ ಹೋಗೇದ, ನಿನಗ ಚಾದ ಚಿಂತಿ!”

ಎದುರು ಮನೆಯ ಉಡುಪಿಯ ಸುಮತಿಯಕ್ಕ ಬಂದು ಸೊಂಟಕ್ಕೆ ಕೈಕೊಟ್ಟು ನಿಂತರು. “ಎಂತ ಮಾರಾಯ್ರೆ, ಪಟ್ಟಾಭಿಷೇಕಕ್ಕೆ ಕೂತ ಹಾಗೆ ಕೂತಿದ್ದೀರಿ! ಚೌತಿಯೊಳಗೆ ಓಡಾಡ್ತೀರಿ, ನೋಡಿ.” ಆಮೇಲೆ ನನ್ನ ಕಡೆ ತಿರುಗಿ, “ನಿಮಗೆ ಎಂತದೂ ಆಗ್ಲಿಲ್ವಾ?”

“ನನಗೇನಾಗೇದರೀ?” ಎಂದೆ. ಬಂದವರಿಗೆಲ್ಲ ಇದನ್ನೇ ಹೇಳಿ ಹೇಳಿ ನನಗೂ ಹಾಗೇ ಅನ್ನಿಸತೊಡಗಿತ್ತು. ಮುಲಾಮು ಹಚ್ಚಿಕೊಂಡು, ವಾಸನೆ ಬಾರದಿರಲಿ ಎಂದು ಮಫ್ಲರ್ ಸುತ್ತಿಕೊಳ್ಳುತ್ತಿದ್ದೆ. ಬಗ್ಗಿ ಜೋಳದ ರೊಟ್ಟಿ ಬಡಿಯಲು ಕೂತರೆ ಹೆಗಲಿನಿಂದ ತಲೆಯವರೆಗೆ ಯಾರೋ ತಂತಿ ಎಳೆದಂತಾಗುತ್ತಿತ್ತು. ಈಚೆಗೆ ಜೋಳವೇ ಸರಿಯಿಲ್ಲ ಎಂದು ಗಿರಣಿಯವನ ಮೇಲೆ ಹಾಕಿ, ಕೆಳಗಿನ ಪೋಳಿ-ಭಾಜಿ ಕೇಂದ್ರದಿಂದ ಚಪಾತಿ ತರಿಸಿದೆ. “ಈ ಕಾಗದಾ ಎಷ್ಟ ದಿನಾ ತಿನ್ನೋದು?” ಎಂದು ಇವರು ಗೊಣಗುತ್ತಲೇ ಮುಗಿಸುತ್ತಿದ್ದರು.

ಕುತ್ತಿಗೆಯ ವ್ಯಾಯಾಮ ಮಾಡಿಸಲು ಪಕ್ಕದ ಬಿಲ್ಡಿಂಗಿನ ಫಿಸಿಯೊ ಹುಡುಗಿ ಮನೆಗೇ ಬರುತ್ತಿದ್ದಳು. ಯಾವಾಗ ಗುಣವಾಗುತ್ತದೆ ಎಂದು ಇವರು ದಿನಾ ಕೇಳುವರು. ಅವಳು ಮರಾಠಿ, ಹಿಂದಿ ಬೆರೆಸಿ ಹೇಳಿದ್ದರ ಸಾರ ಇಷ್ಟು: ಎಕ್ಸ್‌ರೇ ನೋಡಿ ಅದನ್ನು ಹೇಳಲಾಗದು. ಮೊದಮೊದಲು ನೋವು ಎಷ್ಟಿತ್ತು, ತಾನು ಗುಣವಾಗುತ್ತೇನೆಂದು ಪೇಷಂಟಿಗೇ ಎಷ್ಟು ಅನ್ನಿಸುತ್ತದೆ, ಇವುಗಳಿಂದ ಒಂದು ಅಂದಾಜು ಸಿಗುತ್ತದೆ, ಅಷ್ಟೇ. ಖಾತ್ರಿ ಯಾರೂ ಕೊಡಲಾರರು.

ಹಾಗಾದರೆ ಹೊತ್ತು ಹೊತ್ತಿಗೆ ‘ಮುಗೀತು’ ಎನ್ನುವ ಮನುಷ್ಯನ ಗತಿಯೇನು? ಅಡುಗೆಮನೆಗೆ ಕರೆದು ಕೇಳಿದರೆ ಹುಡುಗಿ ನಕ್ಕುಬಿಟ್ಟಳು. ಕಾಕಾ ಟ್ರೇನಿನ ಪಾಸು ಆಗಲೇ ರಿನ್ಯೂ ಮಾಡಿಕೊಂಡು ತನಗೆ ತೋರಿಸಿದರು ಎಂದಳು. ಹೌದಲ್ಲ! ಬಾಯಿ ಭವಿಷ್ಯ ನುಡಿಯುತ್ತಿದ್ದಾಗ ಬೆರಳು ಮೊಬೈಲಿನಲ್ಲಿ ಮೂರು ತಿಂಗಳ ಪಾಸು ತೆಗೆದಿತ್ತು.

ನಾನೂ ನಕ್ಕು, ಸಕ್ಕರೆ ಡಬ್ಬಿಗಾಗಿ ಹಿಂದಕ್ಕೆ ತಿರುಗಿದೆ. ತಲೆಯಲ್ಲ, ಇಡೀ ಮೈ ತಿರುಗಿತು.

“ಕಾಕೂ, ತುಮ್ಚೀ ಮಾನ್ ದುಖ್ತೇ ಕಾ?” ನಿಮ್ಮ ಕುತ್ತಿಗೆ ನೋಯುತ್ತದೆಯೇ ಎಂದಳು.

ನನಗೇನಾಗಿದೆ ಎಂದೆ. ಅವಳು ವಾದಿಸಲಿಲ್ಲ. ಕಾಕಾ ದಿನಾ ನಿಮ್ಮ ರೊಟ್ಟಿಯನ್ನು ಹೊಗಳುತ್ತಾರೆ, ಹಂಚು ಎಲ್ಲಿ, ಕಾಣಿಸುವುದೇ ಇಲ್ಲವಲ್ಲ ಎಂದಳು. ಅಟ್ಟದ ಮೇಲಿದೆ ಎನ್ನುತ್ತಲೇ ಅದನ್ನು ಕಟ್ಟಿಟ್ಟ ಬಗೆ ನೆನಪಾಯಿತು. ಎಣ್ಣೆ ಸವರಿ, ಪೇಪರು ಸುತ್ತಿ, ಹಗ್ಗ ಬಿಗಿದು ಇಟ್ಟಿದ್ದೆ. ನಾಲ್ಕು ದಿನಕ್ಕೆಂದು ಎತ್ತಿಟ್ಟದ್ದನ್ನು ಯಾರು ಹಾಗೆ ಕಟ್ಟುತ್ತಾರೆ, ನೀವೇ ಹೇಳಿ?

ನನ್ನ ಕುತ್ತಿಗೆಯ ಸಂಗತಿ ಇವರಿಗೆ ಅವಳೇ ಹೇಳಿದಳು.

“ನನಗ್ಯಾಕ ಹೇಳಲಿಲ್ಲ?”

“ನೀವು ಎಲ್ಲಿ ಕೇಳಿದ್ರಿ?”

ಆ ಸಂಜೆ ತಮ್ಮ ಕುತ್ತಿಗೆಯ ವಿಷಯ ಅವರು ಎತ್ತಲೇ ಇಲ್ಲ. ಅವರ ಆಯುಷ್ಯದಲ್ಲೇ ಅದು ದೊಡ್ಡ ತ್ಯಾಗ. ಮುಂದೆ ಚೌತಿಯೊಳಗೆ ಅವರು ಠಾಣೆ ಕಡೆಯ ಲೋಕಲ್ ಟ್ರೇನಿನಲ್ಲಿ ನಿಂತೇ ಹೋಗತೊಡಗಿದರು. ನಾನು ಗೋಡೆಗೆ ಬೆನ್ನು ಕೊಟ್ಟು ವ್ಯಾಯಾಮ ಶುರುಮಾಡಿದೆ. ಈಗ ಪಕ್ಕಕ್ಕೆ ಕುತ್ತಿಗೆ ತಿರುಗುತ್ತದೆ. ಮೇಲೆ ನೋಡಿದರೆ ಇನ್ನೂ ಹಿಡಿಯುತ್ತದೆ. ಪೂರ್ತಿ ಗುಣವಾಗುತ್ತೇನೆ ಅನ್ನಿಸುತ್ತದೆಯೇ ಎಂದು ಮೊನ್ನೆ ಹುಡುಗಿ ಕೇಳಿದಾಗ ನನ್ನ ಕಣ್ಣು ಅಟ್ಟದ ಕಡೆ ಹೋಯಿತು.

ಇವತ್ತು ಮಫ್ಲರನ್ನು ನೆನೆಹಾಕಿ ಬಂದು, ಹಂಚು ಇಳಿಸಿಕೊಡಿರೆಂದು ಇವರಿಗೆ ಹೇಳಿದೆ. ಸ್ಟೂಲು ಹತ್ತಿ ಇಳಿಸಿದರು. ನೆಲದ ಮೇಲೆ ಕೂತು ಗಂಟಿನ ಜೊತೆ ಗುದ್ದಾಡಿದರು.

“ಇದನ್ಯಾಕ ಹಿಂಗ ಬಿಗದ ಕಟ್ಟೀದಿ? ಬಿಚ್ಚಲಿಕ್ಕೇ ಬರವಲ್ದು.”

“ಬಿಚ್ಚೋದೇ ಬ್ಯಾಡಂತ ಕಟ್ಟಿದ್ದೆ.”

 ಇವರು ಎದ್ದು ಹೋಗಿ ಕತ್ತರಿ ತಂದು ಹಗ್ಗ ಕತ್ತರಿಸಿದರು.

ಎರಡು ರೊಟ್ಟಿ ಬಡಿದೆ. ಮೂರನೆಯದಕ್ಕೆ ಹೆಗಲು ಬೇಡವೆಂದಿತು. ಅದನ್ನು ಇವರು ಬಡಿದರು, ಅಂಚು ದಪ್ಪ, ನಡುವೆ ತೂತು. ಮೆಂತ್ಯದ ಪಲ್ಯ, ಶೇಂಗಾ ಚಟ್ನಿ, ಮೊಸರಿನ ಜೊತೆ ತಿಂದೆವು. ತೂತಿನ ರೊಟ್ಟಿ ನನಗೇ ಬಂತು. ಮುಂದಿನ ಭಾನುವಾರ ಇನ್ನೊಂದು ಹೆಚ್ಚು ಬಡಿಯೋಣ ಎಂದೇನೋ ಇವರು ಪಾತ್ರೆ ತೊಳೆಯುತ್ತ ಹೇಳುತ್ತಿದ್ದರು. ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಅವರ ಮಾತು ಮುಗಿಯುವ ಮೊದಲೇ ನನಗೆ ನಿದ್ದೆ ಹತ್ತಿತ್ತು.