ಡೀಸೆಲ್ ತಿನ್ನಲು ಕಲಿಸಿದ ಟೀಚರ್

ಪಕ್ಕದ ಮನೆಯ ಟೀಚರಿಗೆ ಎಡಗಡೆ ಅರ್ಧ ಹುಬ್ಬು ಮಾತ್ರ ಇತ್ತು. ಉಳಿದರ್ಧವನ್ನು ಕಾಲೇಜಿನ ಪ್ರಯೋಗಾಲಯದ ಸ್ಪಿರಿಟ್ ದೀಪ ಎಂದೋ ಸ್ವೀಕರಿಸಿತ್ತು. ಹಾಗಾಗಿ ಅವರು ಏನು ಹೇಳಿದರೂ ಅರ್ಧ ಆಶ್ಚರ್ಯದಿಂದ ಹೇಳಿದಂತೆ ಕಾಣುತ್ತಿತ್ತು. ಜೀವಮಾನವಿಡೀ ಬ್ಯಾಕ್ಟೀರಿಯಾಗಳ ಪಾಠ ಮಾಡಿ ನಿವೃತ್ತರಾದವರು. ಆ ಸುದ್ದಿಯನ್ನು ಬ್ಯಾಕ್ಟೀರಿಯಾಗಳಿಗೆ ಮಾತ್ರ ತಿಳಿಸಿರಲಿಲ್ಲ.

ಪಡೀಲಿನ ನಮ್ಮ ಮನೆಯ ಹಿಂದೆ ಒಂದು ಗ್ಯಾರೇಜು ಇತ್ತು. ಅದು ಮುಚ್ಚಿದ ಮೇಲೂ ನೆಲದಲ್ಲಿ ಉಳಿದ ಡೀಸೆಲ್ ಮೆಲ್ಲಗೆ ನಮ್ಮ ಬಾವಿಗೆ ಇಳಿಯಿತು. ನೀರಿನ ಮೇಲೆ ನವಿಲಿನ ಬಣ್ಣ ತೇಲುತ್ತಿತ್ತು. ನೋಡಲು ಬಹಳ ಚೆಂದ. ಕುಡಿಯಬೇಕಾದರೆ ಲಾರಿಯಾಗಿ ಹುಟ್ಟಬೇಕು. ಅದು ನನ್ನ ಹೆಂಡತಿಯ ತಾಯಿ ತೋಡಿಸಿದ ಬಾವಿ. ಮುಚ್ಚಿಸಲು ನಾನು ಜನ ಗೊತ್ತು ಮಾಡಿದ ದಿನ ಹೆಂಡತಿ ಮಾತು ಬಿಟ್ಟಳು. ಮದುವೆಯಾದಂದಿನಿಂದ ಅಷ್ಟು ದೀರ್ಘ ಮೌನವನ್ನು ನಾನು ಕೇಳಿರಲಿಲ್ಲ.

ಟೀಚರ್ ಕಂಪೌಂಡಿನಾಚೆಯಿಂದ ಇಣುಕಿದರು. “ಎಂತ ಅವಸರ ಸರ್ ನಿಮಗೆ? ಒಂದು ಮಳೆಗಾಲ ಕೊಡಿ.”

ಮರುದಿನ ಒಂದು ಸೀಸೆ ಹಿಡಿದು ಬಂದರು. ಒಳಗಿದ್ದವು ಡೀಸೆಲ್ ತಿನ್ನಬಲ್ಲ ಬ್ಯಾಕ್ಟೀರಿಯಾ; ಅವರ ಹಳೆಯ ಶಿಷ್ಯೆಯೊಬ್ಬಳು ಸಾಕಿದವಂತೆ. ಮದುವೆ ದಿಬ್ಬಣವನ್ನು ಎದುರುಗೊಳ್ಳುವ ಗಾಂಭೀರ್ಯದಿಂದ ನಾನು ಗೇಟು ತೆರೆದೆ. ಗ್ಯಾರೇಜಿನ ಗೋಡೆಯುದ್ದಕ್ಕೂ ಗುಂಡಿ ತೋಡಿ ಸುರಿದದ್ದಾಯಿತು.

ಕೆಲವು ವಾರ ಕಳೆದು ಶಿಷ್ಯೆ ಮಣ್ಣು ಪರೀಕ್ಷಿಸಿದಳು. ಸೀಸೆಯಿಂದ ಬಂದವುಗಳಲ್ಲಿ ಒಂದೂ ಬದುಕಿರಲಿಲ್ಲ. ನಾನು ಟೀಚರಿಗೆ ವಿಧಿವತ್ತಾಗಿ ಸಂತಾಪ ಸೂಚಿಸಿದೆ.

“ಸಾಯ್ತವೆ ಅಂತ ಗೊತ್ತಿತ್ತು ಮಾರಾಯ್ರೆ. ಬಾಟಲಿಯಲ್ಲಿ ಬೆಳೆದವು ಪಡೀಲಿನ ಮಣ್ಣಲ್ಲಿ ಎಷ್ಟು ದಿನ ಬದುಕ್ತವೆ? ಆದರೆ ಡೀಸೆಲ್ ತಿನ್ನುವ ಜೀನ್ ಇಲ್ಲಿಯ ಬ್ಯಾಕ್ಟೀರಿಯಾಗಳಿಗೆ ಕೊಟ್ಟೇ ಹೋಗಿವೆ. ಅದನ್ನೂ ನೋಡಿದ್ದಾಳೆ ಅವಳು.”

“ಮಕ್ಕಳಿಗಾ?”

“ಮಕ್ಕಳಿಗೆ ಎಲ್ಲರೂ ಕೊಡ್ತಾರೆ. ಇವು ನೆರೆಕರೆಯವರಿಗೂ ಕೊಡ್ತವೆ. ನಾನು ನಿಮ್ಮ ಹೆಂಡತಿಗೆ ಬಿರಿಯಾನಿ ಹೇಳಿಕೊಡಲಿಲ್ಲವಾ? ಹಾಗೆ.”

“ಅದು ನನಗೆ ಇನ್ನೂ ಸರಿ ಬರುವುದಿಲ್ಲ ಟೀಚರ್,” ಒಳಗಿನಿಂದ ಹೆಂಡತಿ ಮೌನ ಮುರಿದಳು.

“ಅವಕ್ಕೂ ಮೊದಮೊದಲು ಸರಿ ಬರುವುದಿಲ್ಲ ಅಕ್ಕ.”

ಆ ಮಳೆಗಾಲ, ಮಳೆ ಬಿಟ್ಟು ಹೊಳವಾದ ಮಧ್ಯಾಹ್ನಗಳಲ್ಲಿ, ಬಾವಿಯ ಪಕ್ಕ ಕುರ್ಚಿ ಹಾಕಿ ಅರೆನಿದ್ದೆಯಲ್ಲಿ ಕೂರುತ್ತಿದ್ದೆ. ಕಾಲಡಿಯ ಕತ್ತಲಲ್ಲಿ ಕಣ್ಣಿಲ್ಲದ ಒಂದು ಜೀವ ಇನ್ನೊಂದನ್ನು ಸವರಿ, ತಾನು ಕಲಿತದ್ದನ್ನು ಅದಕ್ಕೆ ದಾಟಿಸುತ್ತಿತ್ತು, ಅದು ಮತ್ತೊಂದಕ್ಕೆ. ತೇವದ ಮಣ್ಣೆಲ್ಲ ಪಿಸುಗುಟ್ಟಿದಂತೆ. ತುಳುವಿನಲ್ಲೇ ಮಾತಾಡುತ್ತಿರಬೇಕು ಎಂದು ನನಗೆ ಖಚಿತವಾಗಿತ್ತು. ತಮ್ಮ ಮನೆಮಾತಾದ ಬ್ಯಾರಿಯಲ್ಲೂ ಆಗಬಹುದು ಎಂದು ಟೀಚರ್ ತಿದ್ದಿದರು. ಹಾಗೆ ತಿದ್ದುವಾಗ ಬಹಳ ಕೆಮ್ಮುತ್ತಿದ್ದರು.

ದೀಪಾವಳಿಯ ಹೊತ್ತಿಗೆ ನೀರಿನ ಮೇಲಿನ ಬಣ್ಣ ತೆಳುವಾಯಿತು. ಟೀಚರ್ ಆಗ ಕಂಕನಾಡಿಯ ಆಸ್ಪತ್ರೆಯಲ್ಲಿದ್ದರು. ನನ್ನನ್ನು ಕಂಡೊಡನೆ, “ವಾಸನೆ ಉಂಟಾ?” ಎಂದರು.

“ಸ್ವಲ್ಪ ಉಂಟು.”

“ಹಾಗಾದರೆ ಅವಕ್ಕೆ ಕೆಲಸ ಉಂಟು,” ಎಂದು ಸಮಾಧಾನದಿಂದ ಕಣ್ಣು ಮುಚ್ಚಿದರು. ಆ ವಾರವೇ ತೀರಿಕೊಂಡರು.

ನೀರು ಕುಡಿಯಲು ಅಡ್ಡಿಯಿಲ್ಲವೆಂದು ಪರೀಕ್ಷಿಸಿದವರು ತಿಳಿಸುವಾಗ ಬೇಸಗೆ ಬಂದಿತ್ತು. ಹೆಂಡತಿ ಮೊದಲ ಕೊಡಪಾನವನ್ನು ಹೊತ್ತುಕೊಂಡು ಹೋಗಿ, ಪಕ್ಕದ ಮನೆಯಲ್ಲಿ ಟೀಚರ್ ಜೊತೆ ವಾಸವಿದ್ದ ಅವರ ತಂಗಿಯ ಮುಂದಿಟ್ಟಳು. ಆಕೆ ಲೋಟ ಅದ್ದಿ, ಮೂಸಿ ನೋಡಿ, ಮೆಲ್ಲಗೆ ಪೂರ್ತಿ ಕುಡಿದರು.

“ಎಂತ ರುಚಿಯೂ ಇಲ್ಲವಲ್ಲ ಅಕ್ಕ ಇದಕ್ಕೆ,” ಎಂದವರು ಬಿಕ್ಕಿ ಬಿಕ್ಕಿ ಅತ್ತರು.