ಅರೆಮಂಡಿಯ ಒಂದು ಫ್ರೇಮು

ಮಲ್ಲೇಶ್ವರದ ಒಂದು ಕ್ರಾಸಿನಲ್ಲಿ, ಮನೆಯ ಮುಂದಿನ ಹಾಲಿನಲ್ಲೇ ಭರತನಾಟ್ಯ ಹೇಳಿಕೊಡುತ್ತಿದ್ದ ಟೀಚರ್ ಹತ್ತಿರ ನಾನು ಹೈಸ್ಕೂಲಿನ ದಿನಗಳಲ್ಲಿ ಡಾನ್ಸ್ ಕಲಿತೆ. ಕಲಿತೆ ಅನ್ನುವುದು ಅಮ್ಮನ ಮಾತು. ಟೀಚರ್ ಪ್ರಕಾರ ನಾನು ಬರುತ್ತಿದ್ದೆ, ಹೋಗುತ್ತಿದ್ದೆ. ನಮ್ಮ ಹನುಮಂತನಗರದಲ್ಲೂ ಪಕ್ಕದ ಬಸವನಗುಡಿಯಲ್ಲೂ ಡಾನ್ಸ್ ಕ್ಲಾಸುಗಳಿಗೇನೂ ಬರವಿರಲಿಲ್ಲ. ಆದರೆ ಎರಡು ಬಸ್ಸು ಹಿಡಿದು ಹೋಗಿ ಕಲಿತ ವಿದ್ಯೆಗೆ ತೂಕ ಜಾಸ್ತಿ ಎಂದು ಅಮ್ಮ ನಂಬಿದ್ದಳು.

ಟೀಚರ್ ಪಾಠವೆಲ್ಲ ಅರೆಮಂಡಿಯ ಮೇಲೆ ನಿಂತಿತ್ತು. ಮಂಡಿಗಳನ್ನು ಎರಡೂ ಪಕ್ಕಕ್ಕೆ ಅಗಲಿಸಿ, ಬೆನ್ನು ನೆಟ್ಟಗಿಟ್ಟು, ಅರ್ಧ ಕೂತ ಭಂಗಿ ಅದು. ಕುಣಿಯುವುದೆಲ್ಲ ಅದರಲ್ಲೇ ಆಗಬೇಕು. ನಾನು ಕೂರುವುದೇನೋ ಕೂರುತ್ತಿದ್ದೆ, ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಬೆಳೆದುಬಿಡುತ್ತಿದ್ದೆ. "ಎದ್ಲು ನೋಡು, ತೆಂಗಿನಮರ!" ಎಂದು ಅವರು ಕೋಲಿನಿಂದ ಮಣೆ ಕುಟ್ಟುತ್ತಿದ್ದರು. ಒಂದು ಸಂಜೆ ನನ್ನನ್ನು ಕರೆದೊಯ್ಯಲು ಬಂದ ಅಮ್ಮನನ್ನು ಬಾಗಿಲಲ್ಲೇ ತಡೆದು ಹೇಳಿದರು: "ನಿಮ್ಮ ಹುಡುಗೀದು ಕಾಲು ಬಗ್ಗಲ್ಲ ಕಣ್ರೀ. ವೀಣೆಗೆ ಹಾಕಿ. ಅದಾದ್ರೆ ಕೂತ್ಕೊಂಡೇ ಮಾಡೋದು."

ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಾಯಿಸುವವರೆಗೆ ಅಮ್ಮ ಮಾತಾಡಲಿಲ್ಲ. ಆಮೇಲೆ ಮನೆ ತಲುಪುವವರೆಗೆ ನಿಲ್ಲಿಸಲಿಲ್ಲ.

ಡಾನ್ಸ್ ಕ್ಲಾಸು ಅಲ್ಲಿಗೇ ನಿಂತಿತು. ನಾನು ವೀಣೆಯನ್ನೂ ಕಲಿಯಲಿಲ್ಲ. ಬಿಎಸ್ಸಿ ಮುಗಿಸಿ, ವೆಬ್‌ಸೈಟ್ ಮಾಡುವ ಕೋರ್ಸೊಂದು ಸೇರಿ, ಹೊಸ ಶತಮಾನ ಕಣ್ಣುಬಿಡುವ ಹೊತ್ತಿಗೆ ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಕೆಲಸ ಶುರುಮಾಡಿದೆ. ಕಲ್ಯಾಣ ಮಂಟಪ, ಟ್ಯೂಷನ್ ಸೆಂಟರು, ಚಾಮರಾಜಪೇಟೆಯ ಒಬ್ಬ ಜ್ಯೋತಿಷಿ, ಇವರೆಲ್ಲ ನನ್ನ ಗಿರಾಕಿಗಳು. ಎಲ್ಲರದ್ದೂ ಒಂದೇ ಬೇಡಿಕೆ: ವೆಬ್‌ಸೈಟಿನಲ್ಲಿ ಏನಾದರೊಂದು ಅಲ್ಲಾಡುತ್ತಿರಬೇಕು. ಮಂಟಪದವರಿಗೆ ದೀಪ ಉರಿಸಿಕೊಟ್ಟೆ. ಜ್ಯೋತಿಷಿಗೆ ಗ್ರಹ ತಿರುಗಿಸಿಕೊಟ್ಟೆ. ಒಂದು ಗ್ರಹ ಹಿಂದಕ್ಕೆ ತಿರುಗುತ್ತಿತ್ತು, ಅದು ವಕ್ರಗತಿ ಎಂದು ಅವರು ಮೆಚ್ಚಿಕೊಂಡರು.

ಹೀಗಿರುವಾಗ ಒಂದು ದಿನ ಫೋನು ಬಂತು. "ನಾನಮ್ಮ, ನಿನ್ನ ಡಾನ್ಸ್ ಟೀಚರ್ರು. ನಮ್ಮ ಕ್ಲಾಸಿಗೂ ಒಂದು ವೆಬ್‌ಸೈಟ್ ಮಾಡ್ಕೊಡು. ಅದ್ರಲ್ಲಿ ನಾನು ಡಾನ್ಸ್ ಮಾಡ್ತಾ ಇರ್ಬೇಕು."

ವಿಷಯ ತಿಳಿದ ಅಮ್ಮ ಸೆರಗಿಗೆ ಕೈ ಒರೆಸಿಕೊಂಡು, "ಬರ್ಲಿ, ಬರ್ಲಿ" ಎಂದಳು. ಆ ಸ್ವರದಲ್ಲಿ ಆತಿಥ್ಯ ಕಡಿಮೆಯಿತ್ತು.

ಮುಂದಿನ ಭಾನುವಾರ ಟೀಚರ್ ಆಟೋದಲ್ಲಿ ಬಂದಿಳಿದರು. ಕೂದಲು ಬೆಳ್ಳಗಾಗಿತ್ತು, ನಡಿಗೆ ಮಾತ್ರ ಇನ್ನೂ ರಂಗಪ್ರವೇಶದ್ದೇ. ಅವರ ಅಕ್ಕನ ಮಗ ಕ್ಯಾಮೆರಾದಲ್ಲಿ ಹಿಡಿದ ಅವರ ಒಂದು ಅಡವು, ಅಂದರೆ ತಾಳಕ್ಕೆ ಹಾಕುವ ಹೆಜ್ಜೆಗಳ ಒಂದು ಚಿಕ್ಕ ಸುತ್ತು, ಅವರು ಮೊದಲೇ ಕಳಿಸಿದ್ದ ಸಿಡಿಯಲ್ಲಿತ್ತು. ಆಗಿನ ಇಂಟರ್ನೆಟ್ಟಿಗೆ ವಿಡಿಯೋ ಹೊರುವ ತ್ರಾಣವಿರಲಿಲ್ಲ. ಅದಕ್ಕೇ ವಿಡಿಯೋದಿಂದ ಹತ್ತಾರು ಚಿತ್ರ ತೆಗೆದು, ಒಂದರ ಹಿಂದೊಂದು ಜೋಡಿಸಿ, ಅಂಗೈಯಗಲದ ಚಲಿಸುವ ಚಿತ್ರ ಮಾಡುತ್ತಿದ್ದೆವು. ಟೀಚರ್ ಬರುವ ಮೊದಲೇ ಅದನ್ನು ಜೋಡಿಸಿಟ್ಟಿದ್ದೆ. ಓಡಿಸಿದೆ. ಪರದೆಯ ಮೇಲೆ ಪುಟ್ಟ ಟೀಚರ್ ಕುಣಿದರು, ಮುಗಿಯಿತು, ಮತ್ತೆ ಮೊದಲಿನಿಂದ ಕುಣಿದರು.

"ಪರ್ವಾಗಿಲ್ವೇ!" ಎಂದರು ದೊಡ್ಡ ಟೀಚರ್. "ಸುಸ್ತೇ ಆಗಲ್ಲ ಇವಳಿಗೆ."

"ಒಂದೊಂದೇ ಫ್ರೇಮ್ ನೋಡ್ಬಹುದು ಮಿಸ್," ಎಂದು ನಾನು ಓಟ ನಿಲ್ಲಿಸಿ ಬಾಣದ ಗುರುತಿನ ಬಟನ್ ಒತ್ತಿದೆ. ಯಾವ ಚಿತ್ರ ಮಸುಕಾಗಿದೆ, ಯಾವುದನ್ನು ತೆಗೆಯಬೇಕು ಎಂದು ತೋರಿಸುವುದಷ್ಟೇ ನನ್ನ ಉದ್ದೇಶವಾಗಿತ್ತು. ಒಂದು ಒತ್ತು, ಒಂದು ಚಿತ್ರ. ಮತ್ತೊಂದು ಒತ್ತು, ಮತ್ತೊಂದು ಚಿತ್ರ.

ಮೊದಲ ಫ್ರೇಮಿನಲ್ಲಿ ಟೀಚರ್ ನಿಂತಿದ್ದರು. ಸರಿ. ಎರಡನೆಯದರಲ್ಲೂ ನಿಂತಿದ್ದರು. ಕೈ ಚಾಚಿತು, ಕುತ್ತಿಗೆ ಹೊರಳಿತು, ಕಾಲು ಎದ್ದಿತು. ಮಂಡಿ ಮಾತ್ರ ಸುಮ್ಮನೆ ಒಂದಿಷ್ಟು ಬಾಗಿ, ಬಸ್‌ಸ್ಟಾಪಿನಲ್ಲಿ ಕಾಯುವವರ ಮಂಡಿಯಂತೆ ಇತ್ತು. ನಾನು ಒತ್ತುತ್ತ ಹೋದೆ. ಹಿಂದೆ ಕಾಫಿ ಲೋಟ ಹಿಡಿದು ನಿಂತಿದ್ದ ಅಮ್ಮ ಬಗ್ಗಿ ನೋಡಿದಳು.

"ಹಿಂದಿನದು ಇನ್ನೊಂದ್ಸಲ ತೋರ್ಸೇ," ಎಂದಳು.

"ಯಾಕಮ್ಮಾ?"

"ನೋಡೋಣ ಅಂತ. ಡಾನ್ಸು ನಂಗೇನು ಗೊತ್ತಾಗತ್ತೆ, ಹೇಳಿ ಮಿಸ್."

ಟೀಚರ್ ಕನ್ನಡಕ ಸರಿಮಾಡಿಕೊಂಡರು. "ಈ ಕಂಪ್ಯೂಟರ್ರು ಕಾಲನ್ನ ಉದ್ದ ಮಾಡತ್ತಾ?" ಎಂದು ಕೇಳಿದರು. ಇಲ್ಲ ಎಂದೆ. "ಹಂಗಾದ್ರೆ ಕ್ಯಾಮೆರಾ ಕೆಳಗಡೆಯಿಂದ ಹಿಡಿದಿದಾನೆ." ಅದೂ ಅಲ್ಲ ಎಂದು ನಾನು ಹೇಳಲಿಲ್ಲ. ಎಷ್ಟೋ ವರ್ಷದಿಂದ ಇಂಥದ್ದೊಂದು ಗಳಿಗೆಗಾಗಿ ಕಾದಿದ್ದವಳು ನಾನು. ಬಂದಾಗ ನೋಡಿದರೆ, ಅದರ ಜೊತೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಎದುರಿಗೆ ಅರವತ್ತು ದಾಟಿದ ಹೆಂಗಸು ತಮ್ಮ ಮಂಡಿಯನ್ನು ತಾವೇ ಮೊದಲ ಸಲ ನೋಡುತ್ತ ಕೂತಿದ್ದರು. ಅಮ್ಮ ಕೂಡ ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

"ಸರಿ ಆ ಕಡೆ," ಎಂದರು ಟೀಚರ್, ನನಗೆ. ನನ್ನ ಕುರ್ಚಿಯಲ್ಲಿ ಕೂತು ಬಟನ್ನಿನ ಮೇಲೆ ಬೆರಳಿಟ್ಟರು. ಒಂದು ಒತ್ತಿಗೆ ತಾಳದ ಒಂದು ಸೊಲ್ಲು ಹೇಳುತ್ತ, ತೈ, ಯಾ, ತೈ, ಹಿ ಎಂದು ಮುಂದೆ ಹೋದರು, ಹಿಂದೆ ಬಂದರು, ಮತ್ತೆ ಮುಂದೆ ಹೋದರು. ಕಾಫಿ ಆರಿತು. ಅಮ್ಮ ಬಿಸಿಮಾಡಿ ತಂದಿದ್ದೂ ಆರಿತು.

"ಇದು!" ಎಂದು ಇದ್ದಕ್ಕಿದ್ದಂತೆ ಕೂಗಿದರು.

ಅಡವಿನ ನಡುವೆ ಎಲ್ಲೋ ಒಂದೇ ಒಂದು ಫ್ರೇಮಿನಲ್ಲಿ ಮಂಡಿ ಪೂರ್ತಿ ಬಾಗಿತ್ತು. ಬೆನ್ನು ನೆಟ್ಟಗೆ, ಕೈಗಳು ಚಾಚಿ, ಕಣ್ಣಲ್ಲಿ ಬೆಳಕು. ಅಪ್ಪಟ ಅರೆಮಂಡಿ. ಅದರ ಹಿಂದಿನ ಫ್ರೇಮಿನಲ್ಲೂ ಇಲ್ಲ, ಮುಂದಿನದರಲ್ಲೂ ಇಲ್ಲ.

"ಇದನ್ನ ಜಾಸ್ತಿ ಹೊತ್ತು ನಿಲ್ಲಿಸಕ್ಕಾಗತ್ತಾ?"

ಆಗುತ್ತದೆ. ಪ್ರತಿ ಫ್ರೇಮು ಎಷ್ಟು ಹೊತ್ತು ನಿಲ್ಲಬೇಕೆಂದು ನಾವೇ ಹೇಳಬಹುದು. ನಾನು ಅದೊಂದನ್ನು ಧಾರಾಳವಾಗಿ ನಿಲ್ಲಿಸಿ, ಉಳಿದವನ್ನೆಲ್ಲ ಸರಸರನೆ ಓಡಿಸಿದೆ. ಈಗ ಪುಟ್ಟ ಟೀಚರ್ ಗಡಿಬಿಡಿಯಲ್ಲಿ ಕೈಕಾಲು ಆಡಿಸಿ, ಅರೆಮಂಡಿಯಲ್ಲಿ ವಿಗ್ರಹದ ಹಾಗೆ ಕೂತು, ಮತ್ತೆ ಗಡಿಬಿಡಿಗೆ ಹೊರಡುತ್ತಿದ್ದರು.

"ಇದು ಮೋಸ ಅಲ್ವಾ?" ಎಂದಳು ಅಮ್ಮ. ತಡೆದುಕೊಳ್ಳಲು ಆಗಲಿಲ್ಲ ಅವಳಿಗೆ.

ಟೀಚರ್‌ಗೆ ಸಿಟ್ಟು ಬರಲಿಲ್ಲ. "ಸ್ಟೇಜ್ ಮೇಲೂ ಅದನ್ನೇ ಕಣ್ರೀ ಮಾಡೋದು. ಎಲ್ಲಿ ಚೆನ್ನಾಗಿ ಬರತ್ತೋ ಅಲ್ಲಿ ನಿಲ್ಲೋದು. ಬರ್ದೇ ಇರೋ ಕಡೆ ಬೇಗ ದಾಟ್ಕೊಳೋದು. ನಮ್ಮ ಗುರುಗಳು ನಂಗೆ ಹೇಳ್ಕೊಟ್ಟಿದ್ದೇ ಇದು."

"ನಂಗೆ ಯಾಕೆ ಹೇಳ್ಕೊಡ್ಲಿಲ್ಲ ಮಿಸ್?" ಎಂದೆ.

"ಅದು ಕೊನೇಲಿ ಹೇಳ್ಕೊಡೋದು. ನೀನು ನಡುವೆ ಬಿಟ್ಟೋದೆ."

ಅಮ್ಮ ಬಾಯಿ ತೆರೆದಳು. ನಾನು ಅವಳ ಕೈ ಹಿಡಿದುಕೊಂಡೆ. ಅವಳು ಮುಚ್ಚಿದಳು, ಆದರೆ ಆ ಮಾತನ್ನು ಇಂದಿಗೂ ಕ್ಷಮಿಸಿಲ್ಲ.

ವೆಬ್‌ಸೈಟು ಹೊರಬಂತು. ಅದನ್ನು ನೋಡಿ ಯಾರೂ ಕ್ಲಾಸಿಗೆ ಸೇರಿದಂತಿಲ್ಲ. ಸೇರುವವರೆಲ್ಲ ಎಂದಿನಂತೆ ಪಕ್ಕದ ಬೀದಿಯವರ ಮಾತು ಕೇಳಿ ಸೇರಿದರು. ಕೆಲವು ತಿಂಗಳ ನಂತರ ಮಲ್ಲೇಶ್ವರದ ಕಡೆ ಹೋದವಳು ಅವರ ಮನೆಗೆ ಕಾಲಿಟ್ಟಾಗ ಕ್ಲಾಸು ನಡೆಯುತ್ತಿತ್ತು. "ಯಾಕೆ ಅವಸರ? ಫ್ರೇಮ್ ಫ್ರೇಮಾಗಿ ಬಾ! ನಡುವಿನ ಫ್ರೇಮ್ ನುಂಗ್ಬಿಟ್ಯಲ್ಲೇ!" ಎಂದು ಟೀಚರ್ ಗದರುತ್ತಿದ್ದರು. ಸಾಲಾಗಿ ನಿಂತ ಹುಡುಗಿಯರು ಬೆವರುತ್ತ, ಒಂದೊಂದು ಭಂಗಿಗೂ ತಡೆದು ನಿಂತು ಹೆಜ್ಜೆ ಹಾಕುತ್ತಿದ್ದರು. ಟೀಚರ್ ನನ್ನನ್ನು ನೋಡಿ ಕೋಲು ಕೆಳಗಿಟ್ಟು, ಹುಡುಗಿಯರಿಗೆ ಹೇಳಿದರು:

"ನೋಡ್ರೇ, ಇವಳು ನನ್ನ ಹಳೇ ಸ್ಟೂಡೆಂಟು. ತುಂಬ ಚೆನ್ನಾಗಿ ಕಲ್ತಿದ್ಲು."

ಹುಡುಗಿಯರು ನಮಸ್ಕಾರ ಮಾಡಿದರು. ನಾನೂ ಕೈಮುಗಿದೆ, ಬೇರೇನು ಮಾಡಲಿ. ಮನೆಗೆ ಬಂದು ಅಮ್ಮನಿಗೆ ಹೇಳಿದಾಗ ಅವಳು ಈರುಳ್ಳಿ ಹೆಚ್ಚುತ್ತಿದ್ದಳು. ಚಾಕು ಕೆಳಗಿಟ್ಟು, "ಅಷ್ಟು ಜನರ ಮುಂದೆ ಹೇಳಿದ್ರಾ?" ಎಂದು ಕೇಳಿದಳು.